ಬೋನಿನಲ್ಲಿಟ್ಟ ಅರಳೆ

"ಬುದ್ಧೀ, ಯಾರನ್ನೂ ನೋಯಿಸದೆ ಮಾಡಿದ ಕೆಲಸ ಮನಸ್ಸನ್ನು ಯಾಕೆ ಕೊರೆಯುತ್ತದೆ?" ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣ, ದಾಸೋಹ ಎರಡೂ ಅವನ ಕೈಯಲ್ಲಿದ್ದವು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ಯಾವ ಕೆಲಸ ಎಂದು ಗುರುಗಳು ವಿಚಾರಿಸಿದರು. ಅವನು ಹೇಳಿಕೊಂಡ.

ಆ ಮಠದಲ್ಲಿ ಒಂದು ಕಟ್ಟಳೆ ಇತ್ತು. ಪಂಕ್ತಿಯಲ್ಲಿ ಕೂತವರು ಹೊಟ್ಟೆ ತುಂಬ ಉಣ್ಣಬಹುದು, ಆದರೆ ಒಂದು ತುತ್ತನ್ನೂ ಹೊಸ್ತಿಲಿನಾಚೆ ಒಯ್ಯುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಎಲ್ಲಿಂದಲೋ ಬಂದ ಒಬ್ಬ ಹೆಂಗಸು ದಿನವೂ ಪಂಕ್ತಿಯ ಕೊನೆಗೆ ಕೂರುತ್ತಿದ್ದಳು. ಅರ್ಧ ಮುದ್ದೆ ಉಂಡು, ಉಳಿದರ್ಧವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದಳು. ಶಿಷ್ಯ ಅದನ್ನು ಕಂಡ. ನಾಲ್ಕು ಜನರೆದುರು ಗದರಲು ಅವನಿಗೆ ಮನಸ್ಸಾಗಲಿಲ್ಲ. ನಿನ್ನೆ ಅವಳನ್ನು ಬೇರೆಯೇ ಕೂರಿಸಿ, ಬೇಡವೆನ್ನುವಷ್ಟು ಬಡಿಸಿದ. ದೊಡ್ಡ ಊರಿನ ಛತ್ರದಲ್ಲಿ ಎರಡು ಹೊತ್ತೂ ಊಟವಿದೆ, ಉಡಲು ಸೀರೆಯನ್ನೂ ಕೊಡುತ್ತಾರೆ ಎಂದು ಹೇಳಿ, ಆ ಕಡೆ ಹೊರಟಿದ್ದ ಭಕ್ತರ ಗಾಡಿಗೆ ಹತ್ತಿಸಿದ. ಅವಳು ಸೆರಗಿನ ಗಂಟನ್ನು ಮರೆಮಾಡಿಕೊಂಡು ಒಲ್ಲೆನೆಂದಳು. ಸಂಕೋಚಕ್ಕೆ ಹಾಗೆನ್ನುತ್ತಾಳೆ ಎಂದುಕೊಂಡು ಅವನು ಒತ್ತಾಯ ಮಾಡಿದ. ಗಾಡಿ ತಿರುವು ದಾಟುವವರೆಗೂ ಅವಳು ಹಿಂದಕ್ಕೇ ನೋಡುತ್ತಿದ್ದಳು.

"ಕಟ್ಟಳೆಯೂ ಉಳಿಯಿತು, ಅವಳ ಮಾನವೂ ಉಳಿಯಿತು. ಆದರೂ ನಿದ್ದೆ ಬರಲಿಲ್ಲ" ಎಂದ ಶಿಷ್ಯ.

"ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜಾಣನಪ್ಪಾ ನೀನು" ಎಂದರು ಗುರುಗಳು. ಹೊಗಳಿದರೋ ಚುಚ್ಚಿದರೋ ಶಿಷ್ಯನಿಗೆ ತಿಳಿಯಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಗುರುಗಳು ಈ ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಅದೇ ದಿನಗಳಲ್ಲಿ ಮನೆಗೆ ಒಂದು ಇಲಿಯೂ ಬಂತು. ಮಗಳನ್ನು ಆರತಿ ಎತ್ತಿ ಒಳಗೆ ಕರೆದುಕೊಂಡರು. ಇಲಿಯನ್ನು ಯಾರೂ ಕರೆಯಲಿಲ್ಲ, ಅದು ತಾನೇ ಬಂತು.

ಇಲಿ ಬಂದ ಮನೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ, ಉಗ್ರಾಣ ನೋಡಿಕೊಳ್ಳುವವನು ನೀನು. ಕೌದಿಯ ಅಂಚು ಹೋಯಿತು. ದೇವರ ಮನೆಯ ಬತ್ತಿ ಹೋಯಿತು. ಅಂಗಡಿಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಬಜ್ಜಿಯಲ್ಲಿ ಪಾಷಾಣ ಇಟ್ಟರೆ ಬೆಳಗಾಗುವುದರೊಳಗೆ ಮುಗಿಯಿತು ಎಂದ ಪಕ್ಕದ ಅಂಗಡಿಯವನು. ವ್ಯಾಪಾರಿ ಎರಡೂ ಕಿವಿ ಮುಚ್ಚಿಕೊಂಡ. ಬಸುರಿ ಇರುವ ಮನೆಯಲ್ಲಿ ಜೀವ ತೆಗೆಯಬಾರದೆಂಬುದು ಅವರ ಮನೆತನದ ನಡವಳಿಕೆ. ಹೆರಿಗೆಯಾಗುವವರೆಗೆ ಆ ಮನೆಯಲ್ಲಿ ಬೂದುಗುಂಬಳವನ್ನೂ ಒಡೆಯುತ್ತಿರಲಿಲ್ಲ. ಮೇಲಾಗಿ ಮಗಳಿಗೆ ಹಿಂದೊಮ್ಮೆ ಗರ್ಭ ನಿಂತಿರಲಿಲ್ಲ. ಈ ಸಲ ಕೂಸನ್ನು ಕಣ್ಣಾರೆ ನೋಡಬೇಕೆಂದು ಅವನು ದೇವರಿಗೆ ಕೈ ಮುಗಿಯದ ದಿನವಿಲ್ಲ. ಒಂದು ಜೀವಕ್ಕಾಗಿ ಬೇಡುವವನು ಇನ್ನೊಂದು ಜೀವ ತೆಗೆಯುವುದು ಹೇಗೆ? ಅವನ ಹೆದರಿಕೆ ಸುಳ್ಳಲ್ಲ. ಅವನ ದಯೆಯೂ ಸುಳ್ಳಲ್ಲ.

ಅವನು ಬಡಗಿಗೆ ಹೇಳಿ ಒಂದು ಮರದ ಬೋನು ಮಾಡಿಸಿದ. ಬಾಗಿಲು ಬಿದ್ದರೂ ಬಾಲ ಕೂಡ ನಲುಗದಂಥ ಬೋನು. ಉಳಿದದ್ದು ಒಂದೇ, ಒಳಗೆ ಏನಿಡಬೇಕು?

ಇದಕ್ಕೆ ಅವನು ಪಟ್ಟ ಪಾಡನ್ನು ಮಗಳ ಮದುವೆಯ ಅಡಿಗೆಗೂ ಪಟ್ಟಿರಲಿಲ್ಲ. ಬೆಲ್ಲ ಇಡೋಣವೆಂದರೆ ಇರುವೆ ಬರುತ್ತದೆ, ಬೋನಿನೊಳಗೆ ಸಿಕ್ಕ ಪ್ರಾಣಿಯನ್ನು ಕಚ್ಚುತ್ತದೆ. ವಡೆ ಇಟ್ಟರೆ ಉಪ್ಪು ಖಾರಕ್ಕೆ ಬಾಯಾರಿಕೆ, ಒಳಗೆ ನೀರೆಲ್ಲಿ? ಯೋಚಿಸಿ ಯೋಚಿಸಿ ಕೊನೆಗೆ ಎಲ್ಲರೂ ಇಡುವ ಸುಟ್ಟ ಕೊಬ್ಬರಿಯನ್ನೇ ಇಟ್ಟ. ಬೆಟ್ಟ ಅಗೆದು ಇಲಿ ಹಿಡಿಯುವವರನ್ನು ಕೇಳಿದ್ದೆವು, ಇವನು ಇಲಿ ಹಿಡಿಯಲು ಬೆಟ್ಟ ಅಗೆಯುತ್ತಾನೆ ಎಂದು ಓಣಿಯವರು ನಕ್ಕರು. ಇಲಿಯೂ ನಕ್ಕಿತೋ ಏನೋ, ಕೊಬ್ಬರಿ ಇಟ್ಟಲ್ಲೇ ಒಣಗಿತು. ಹುರಿಗಡಲೆ ಇಟ್ಟ. ಅದನ್ನೂ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಮನೆಯವರೆಲ್ಲ ಉಂಡು ಅಡ್ಡಾಗಿದ್ದರು. ವ್ಯಾಪಾರಿಯ ಹೆಂಡತಿ ಮಾತ್ರ ನಡುಮನೆಯಲ್ಲಿ ಕೂತು ತನ್ನ ಹಳೆಯ ಸೀರೆ ಹರಿದು ಮಡಿಸುತ್ತಿದ್ದಳು. ಹೊಸ ಬಟ್ಟೆ ಎಳೆಮೈಗೆ ಚುಚ್ಚುತ್ತದೆ, ಕೂಸಿಗೆ ಹಾಸಲು ಹೊದಿಸಲು ಹಳೆಯ ಸೀರೆಯೇ ಆಗಬೇಕು. ಮಡಿಸಿದ್ದನ್ನೆಲ್ಲ ಅವಳು ಮರದ ಪೆಟ್ಟಿಗೆಗೆ ತುಂಬಿಡುತ್ತಿದ್ದಳು. ವ್ಯಾಪಾರಿ ಅಲ್ಲೇ ಕಂಬಕ್ಕೆ ಒರಗಿದ್ದ. ಆಗ ಇಲಿ ಹೊರಬಂತು. ಅಡಿಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಹಳೆಯ ಹಾಸಿಗೆಯ ಹತ್ತಿರ ಹೋಗಿ, ಹರುಕಿನಿಂದ ಅರಳೆ ಕಿತ್ತು ಬಾಯಲ್ಲಿ ಕಚ್ಚಿಕೊಂಡು ಓಡಿತು.

ವ್ಯಾಪಾರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವನು ಹುಡುಕುತ್ತಿದ್ದುದು ಸಿಕ್ಕಿತ್ತು. ಅರಳೆಗೆ ಇರುವೆ ಬರುವುದಿಲ್ಲ, ಬಾಯಾರಿಕೆಯಾಗುವುದಿಲ್ಲ, ಹೊಟ್ಟೆ ಕೆಡುವುದಿಲ್ಲ. ಅಂಗಡಿಯ ಅರಳೆಯಲ್ಲೇ ಬೆಳ್ಳಗಿದ್ದುದನ್ನು ಆರಿಸಿ, ಬಿಡಿಸಿ, ಬೋನಿನಲ್ಲಿಟ್ಟ. ಮರುದಿನ ಬೆಳಿಗ್ಗೆ ಬಾಗಿಲು ಬಿದ್ದಿತ್ತು. ಇಲಿ ಒಳಗಿತ್ತು, ಅರಳೆ ಅದರ ಬಾಯಲ್ಲಿತ್ತು.

ಬಿಸಿಲು ತಾಗದಂತೆ ಬೋನಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕೆರೆಯಾಚೆಗೆ ತಾನೇ ಹೊತ್ತುಕೊಂಡು ಹೋದ. ಅಲ್ಲಿ ಹೊಲವಿತ್ತು, ಕಾಳಿತ್ತು, ಬದುವಿನಲ್ಲಿ ಬಿಲಗಳಿದ್ದವು. ಇದಕ್ಕಿಂತ ಒಳ್ಳೆಯ ಜಾಗ ಇಲಿಗೆ ಯಾವುದು? ಬಾಗಿಲೆತ್ತಿದ. ಹೊರಗೆ ಬಂದ ಇಲಿ ಹೊಲದ ಕಡೆ ಹೋಗಲಿಲ್ಲ, ಊರಿನ ಕಡೆ ತಿರುಗಿತು. ಪಾಪ, ದಿಕ್ಕು ತಪ್ಪಿತೆಂದು ಅವನು ಶಲ್ಯ ಬೀಸಿ ಅಟ್ಟಿದ. ಮತ್ತೆ ತಿರುಗಿತು, ಮತ್ತೆ ಅಟ್ಟಿದ. ಕೊನೆಗೆ ಅದು ಹುಲ್ಲಿನೊಳಗೆ ನುಗ್ಗಿತು. ಅಷ್ಟಾದರೂ ಬಾಯಲ್ಲಿದ್ದ ಅರಳೆಯನ್ನು ಬಿಡಲಿಲ್ಲ. ನಾನು ಕೊಟ್ಟದ್ದು ಎಷ್ಟು ಹಿಡಿಸಿದೆ ನೋಡು ಎಂದು ಅವನು ಮನೆಯಲ್ಲಿ ಹೇಳಿಕೊಂಡ. ಆ ದಿನ ಅವನ ಊಟ ರುಚಿಯಾಗಿತ್ತು.

ಕೆಲವು ದಿನಗಳಾದ ಮೇಲೆ ಮಗಳಿಗೆ ನೋವು ಬಂತು. ಸೂಲಗಿತ್ತಿ ಬಟ್ಟೆ ಕೇಳಿದಳು. ಹೆಂಡತಿ ಹೋಗಿ ಪೆಟ್ಟಿಗೆ ತೆರೆದಳು. ಹಿಂಬದಿಯ ಹಲಗೆಯಲ್ಲಿ ಇಲಿ ಕೊರೆದ ತೂತಿತ್ತು, ಸೀರೆಗಳ ನಡುವೆ ಅರಳೆಯ ಗೂಡಿತ್ತು. ಗೂಡಿನಲ್ಲಿ ಇನ್ನೂ ಕೂದಲು ಬರದ, ಕಣ್ಣು ಬಿಡದ ಮರಿಗಳು ಒಂದಕ್ಕೊಂದು ಅಂಟಿಕೊಂಡು ಸತ್ತು ಒಣಗಿದ್ದವು.

ಅವಳು ಪೆಟ್ಟಿಗೆ ಮುಚ್ಚಿದಳು. ಮಗಳಿಗೆ ಹೇಳಲಿಲ್ಲ, ಸೂಲಗಿತ್ತಿಗೂ ಹೇಳಲಿಲ್ಲ. ಗಳುವಿನ ಮೇಲೆ ಒಣಹಾಕಿದ್ದ ತನ್ನ ಸೀರೆಯನ್ನೇ ಎಳೆದು ಕೊಟ್ಟಳು. ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು ಅತ್ತಿತು, ಹಾಲು ಕುಡಿದು ಮಲಗಿತು. ಓಣಿಯವರೆಲ್ಲ ಸಕ್ಕರೆ ತಿಂದು ಹೋದರು. ಆಮೇಲೆ ಅವಳು ಗಂಡನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದಳು.

ವ್ಯಾಪಾರಿ ಪೆಟ್ಟಿಗೆಯೊಳಕ್ಕೆ ಬಗ್ಗಿ ನೋಡಿದ. "ನಾನು ಕೊಲ್ಲಲಿಲ್ಲವಲ್ಲೇ" ಎಂದ.

"ಅದಕ್ಕೆ ಏನು ಬೇಕು ಅಂತ ಅಷ್ಟೊಂದು ಹುಡುಕಿದ್ರಿ. ಯಾಕೆ ಬೇಕು ಅಂತ ಒಂದ್ಸಲ ಯೋಚನೆ ಮಾಡ್ಲಿಲ್ಲ. ನಾನು ನಿಮ್ಮೆದುರಿಗೇ ಕೂತು ಸೀರೆ ಹರೀತಿದ್ದೆ, ಆಗಲಾದ್ರೂ ಹೊಳೀಬೇಕಿತ್ತು" ಎಂದಳು ಹೆಂಡತಿ. ಮತ್ತೆ ತಾನೇ, "ನನಗೂ ಹೊಳೀಲಿಲ್ಲ. ಬಾಣಂತೀನ ಊರಾಚೆ ಬಿಟ್ಟು ಬಂದ್ವಲ್ರೀ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಅಲ್ಲಿ ನಿಲ್ಲಲಾರದೆ ಕೆರೆಯಾಚೆಗೆ ಓಡಿದ. ಹೋಗಿ ಮಾಡುವುದೇನೂ ಇರಲಿಲ್ಲ, ಮರಿಗಳು ಸತ್ತಾಗಿತ್ತು. ಆದರೂ ಹೋದ. ಬದುವಿನ ಹುಲ್ಲು ಸರಿಸಿ ಹುಡುಕಿದ. ಒಂದು ಕಡೆ ಮುಳ್ಳಿಗೆ ಅರಳೆಯ ಎಳೆ ಸಿಕ್ಕಿಕೊಂಡಿತ್ತು, ಊರಿನ ದಿಕ್ಕಿಗೆ. ಇಲಿ ಇರಲಿಲ್ಲ. ಕೂಗಿ ಕರೆಯೋಣವೆಂದು ಬಾಯಿ ತೆರೆದ. ಏನೆಂದು ಕೂಗುವುದು? ಇಲಿಗೆ ಹೆಸರಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ಎಲ್ಲರೂ ಹಾಡಿದರು. ಅಜ್ಜನನ್ನು ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಕರೆದರು. ಅವನು ಬಗ್ಗಿದ, ಕೂಸಿನ ಕೆಳಗೆ ಹಾಸಿದ್ದ ಮೆತ್ತನೆಯ ಅರಳೆ ಕಣ್ಣಿಗೆ ಬಿತ್ತು. ಹೆಸರು ಹೇಳದೆಯೇ ಹಿಂದೆ ಸರಿದ. ಸಂತೋಷ ಹೆಚ್ಚಾಗಿ ಹೆಸರೇ ಮರೆತನೆಂದು ನೆಂಟರು ಅಂದುಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ದಾಸೋಹದ ಪಂಕ್ತಿಗೆ ಜನ ಬಂದು ಕೂರುತ್ತಿದ್ದರು. ಶಿಷ್ಯ ಆ ಕಡೆ ನೋಡಿದ. ಪಂಕ್ತಿಯ ಕೊನೆಯ ಜಾಗ ಖಾಲಿ ಇತ್ತು.

"ಆ ಅರ್ಧ ಮುದ್ದೆ..." ಎಂದ. ಆಮೇಲೆ ತಾನೇ ಎದ್ದು ನಿಂತ. ಮೊದಲು ಊರಿನ ಹಾಳುಗುಡಿ, ಹುಲ್ಲಿನ ಬಣವೆಗಳನ್ನೆಲ್ಲ ನೋಡುತ್ತೇನೆ, ಅವಳು ಬಿಟ್ಟುಹೋದ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತೇನೆ, ಛತ್ರಕ್ಕೂ ಹೋಗಿ ಅವಳನ್ನು ಕರೆತರುತ್ತೇನೆ, ಅಪ್ಪಣೆಯಾಗಬೇಕು ಎಂದು ಬೇಡಿಕೊಂಡ.

ಗುರುಗಳು ತಲೆಯಾಡಿಸಿದರು. ಅವನು ಹೊಸ್ತಿಲ ಹತ್ತಿರ ಹೋದಾಗ ಕೇಳಿದರು:

"ಛತ್ರದಲ್ಲಿ ನೂರು ಜನ ಉಣ್ಣುತ್ತಾರೆ, ಏನೆಂದು ಕೂಗುತ್ತೀ ಮಗು, ಅವಳ ಹೆಸರೇನು?"

ಶಿಷ್ಯ ಹೊಸ್ತಿಲ ಮೇಲೆ ನಿಂತುಬಿಟ್ಟ.