ವೈದ್ಯರ ಚೆಂದದ ಪತ್ರ

"ಗುರುಗಳೇ, ಯಂತ್ರ ನನಗಿಂತ ಚೆನ್ನಾಗಿ ಬರೆಯುತ್ತದೆ. ಹಾಗಿರುವಾಗ ಬರವಣಿಗೆಯಲ್ಲಿ ನನ್ನದೇ ದನಿ ಇರಬೇಕು ಅಂತ ನಾನೇಕೆ ಒದ್ದಾಡಬೇಕು?"

ಕೇಳಿದವನು ತೋಂಟೇಶ. ಕಚೇರಿಯೊಂದರಲ್ಲಿ ವರದಿ, ಪತ್ರ ಬರೆಯುವುದೇ ಅವನ ಕೆಲಸ. ರಜೆ ಸಿಕ್ಕಾಗಲೆಲ್ಲ ಗುರುಗಳ ಹತ್ತಿರ ಬಂದು ಕೂರುತ್ತಿದ್ದ.

"ಚೆನ್ನಾಗಿ ಅಂದರೆ ಹೇಗೆ?" ಎಂದರು ಗುರುಗಳು.

"ಒರಟು ಮಾತು ಒಂದೂ ಇರುವುದಿಲ್ಲ. ಓದಿದವರೆಲ್ಲ ತಲೆದೂಗುತ್ತಾರೆ."

"ಎಲ್ಲರೂ ತಲೆದೂಗುತ್ತಾರೆ ಅಂದರೆ ನನಗಂತೂ ಅನುಮಾನ ಬರುತ್ತದಪ್ಪ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಬ್ಬ ವೈದ್ಯರಿದ್ದರು. ತಮ್ಮ ಕೈಮೀರಿದ ರೋಗಿಗಳನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಕಳಿಸುವಾಗ ಒಂದು ಪತ್ರ ಬರೆದುಕೊಡುತ್ತಿದ್ದರು. ಪತ್ರ ಅಂದರೆ ಏನು ಮಹಾ, ಎರಡು ಮೂರು ಸಾಲು. 'ಈಕೆ ಮಾತ್ರೆ ನುಂಗಿಲ್ಲ, ನುಂಗಿದೆ ಅನ್ನುತ್ತಾಳೆ. ಗದರಿಸಿ.' 'ಈ ಮುದುಕನಿಗೆ ಏನೂ ಆಗಿಲ್ಲ. ಆದರೂ ಒಮ್ಮೆ ಮುಟ್ಟಿ ನೋಡಿ, ಸಮಾಧಾನವಾಗುತ್ತದೆ.' ತೀರಾ ಅಪರೂಪಕ್ಕೆ, ವರ್ಷದಲ್ಲಿ ಎರಡೋ ಮೂರೋ ಸಲ, 'ನನಗೆ ಭಯವಾಗಿದೆ' ಎಂದು ಬರೆಯುತ್ತಿದ್ದರು. ಪತ್ರಗಳನ್ನು ನೋಡಿ ಯಾರು ಮೊದಲು, ಯಾರು ಆಮೇಲೆ ಎಂದು ತೀರ್ಮಾನಿಸುತ್ತಿದ್ದವರು ಆಸ್ಪತ್ರೆಯ ಒಬ್ಬ ಹಿರಿಯ ವೈದ್ಯೆ. ಆ ಸಾಲು ಕಂಡರೆ ಆಕೆ ಊಟ ಬಿಟ್ಟು ಏಳುತ್ತಿದ್ದರು.

ಒಮ್ಮೆ ಒಂದು ಸಭೆಯಲ್ಲಿ ಪಟ್ಟಣದ ಎಳೆಯ ವೈದ್ಯರು ಈ ಪತ್ರಗಳನ್ನು ಓದಿಕೊಂಡು ನಕ್ಕರು. 'ಭಯವಂತೆ! ಇದು ವೈದ್ಯ ಬರೆಯುವ ಮಾತೇ?' ಊರಿನ ವೈದ್ಯರಿಗೆ ಅವಮಾನವಾಯಿತು. ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಬಂದವರೇ, ನಿನ್ನ ಹತ್ತಿರ ಇದೆಯಲ್ಲ, ಅಂಥದೇ ಒಂದು ಬರೆಯುವ ಯಂತ್ರ ತರಿಸಿದರು. ತಮ್ಮ ಸಾಲುಗಳನ್ನು ಅದಕ್ಕೆ ಕೊಡುವುದು, ಅದು ತಿದ್ದಿ ಕೊಟ್ಟದ್ದಕ್ಕೆ ರುಜು ಹಾಕುವುದು. ಪತ್ರಗಳಿಗೆ ಎಂಥ ಕಳೆ ಬಂತು ಅಂತೀಯ! ಎಳೆಯ ವೈದ್ಯರು ನಗುವುದನ್ನು ನಿಲ್ಲಿಸಿದರು.

ಒಂದು ದಿನ ಬೆಳಿಗ್ಗೆ ಒಬ್ಬ ಕಮ್ಮಾರನನ್ನು ಅವನ ಹೆಂಡತಿ ಕರೆತಂದಳು. ಎರಡು ದಿನದಿಂದ ಹೊಟ್ಟೆನೋವು. ಆವತ್ತು ಎದ್ದಾಗ ನೋವು ತಟ್ಟನೆ ನಿಂತಿತ್ತು. 'ವಾಸಿಯಾಯಿತು, ಸುಮ್ಮನೆ ಇವಳದೇ ರಗಳೆ' ಎಂದ ಕಮ್ಮಾರ. ವೈದ್ಯರು ಹೊಟ್ಟೆ ಒತ್ತಿ ನೋಡಿದರು. ಹಲಗೆಯ ಹಾಗೆ ಗಟ್ಟಿಯಾಗಿತ್ತು. ಒಳಗೆ ಕರುಳು ಒಡೆದಾಗ ಕೆಲವೊಮ್ಮೆ ನೋವು ಸ್ವಲ್ಪ ಹೊತ್ತು ಅಡಗುತ್ತದೆ, ತಡಮಾಡಿದರೆ ಜೀವವೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 'ಈಗಲೇ ಹೊರಡು ತಾಯಿ, ಎಲ್ಲೂ ನಿಲ್ಲಬೇಡ' ಎಂದು ಹೆಂಡತಿಗೆ ಹೇಳಿದರು.

ಯಂತ್ರಕ್ಕೆ ಅವರು ಕೊಟ್ಟದ್ದು ಇಷ್ಟು: 'ನೋವು ನಿಂತಿದೆ ಅನ್ನುತ್ತಾನೆ. ಅದಕ್ಕೇ ನನಗೆ ಭಯ. ಇವನ ಮಾತು ಕೇಳಬೇಡಿ.' ಯಂತ್ರ ಕೊಟ್ಟದ್ದು: 'ರೋಗಿಯ ನೋವು ಸದ್ಯ ಶಮನಗೊಂಡಿರುವುದಾಗಿ ತಿಳಿದುಬಂದಿದೆ. ಆದಾಗ್ಯೂ, ಮುಂಜಾಗ್ರತೆಯ ದೃಷ್ಟಿಯಿಂದ ತಮ್ಮ ಅಮೂಲ್ಯ ಪರಿಶೀಲನೆಯನ್ನು ಕೋರಲಾಗಿದೆ.' ವೈದ್ಯರು ಓದಿದರು. ಆಹಾ, ಎಂಥ ಮಾತು ಅಂದುಕೊಂಡರು. ರುಜು ಹಾಕಿ ಕೊಟ್ಟರು. ಫೋನು ಏಕೆ ಮಾಡಲಿಲ್ಲ ಅಂತ ಕೇಳಬೇಡ. ಅಷ್ಟು ಚೆಂದದ ಪತ್ರ ಇರುವಾಗ ಫೋನು ಯಾತಕ್ಕೆ ಅನ್ನಿಸಿತು, ಅಷ್ಟೇ.

ದೊಡ್ಡಾಸ್ಪತ್ರೆಯ ಮೇಜಿನ ಮೇಲೆ ಅಂದು ಪತ್ರಗಳ ರಾಶಿಯೇ ಇತ್ತು. ಅಷ್ಟರಲ್ಲಿ ಅಂಥದೇ ಯಂತ್ರ ತರಿಸಿದ್ದ ಊರೂರಿನ ವೈದ್ಯರೆಲ್ಲ 'ಅಮೂಲ್ಯ ಪರಿಶೀಲನೆ' ಕೋರಿದ್ದರು. ಹಿರಿಯ ವೈದ್ಯೆಗೆ ಈಚೆಗೆ ಯಾವ ಪತ್ರದ ಮೇಲೂ ನಂಬಿಕೆ ಉಳಿದಿರಲಿಲ್ಲ. ಯಾರು ಬರೆದದ್ದೋ, ಯಾರಿಗೆ ಗೊತ್ತು? ಆದರೂ ಆ ಊರಿನ ಹೆಸರು ನೋಡಿ ಎರಡು ಸಲ ಓದಿದರು. ನೋವು ಹೇಗಿದೆ ಎಂದು ಹೇಳಿಕಳಿಸಿ ಕೇಳಿದರು. 'ಏನೂ ಇಲ್ಲ' ಎಂದ ಕಮ್ಮಾರ. ಅವನನ್ನು ಸಾಲಿನ ಕೊನೆಯಲ್ಲಿ ಕೂರಿಸಿದರು. 'ಎಲ್ಲೂ ನಿಲ್ಲಬೇಡ ಅಂದಿದ್ದಾರೆ ನಮ್ಮ ವೈದ್ಯರು' ಎಂದು ಹೆಂಡತಿ ಅಂಗಲಾಚಿದಳು. 'ಪತ್ರದಲ್ಲಿ ಹಾಗೇನೂ ಬರೆದಿಲ್ಲವಲ್ಲಮ್ಮ' ಎಂದರು ಬಾಗಿಲಲ್ಲಿದ್ದವರು. ಸರದಿ ಬರುವ ಮೊದಲೇ ಕಮ್ಮಾರ ಬೆಂಚಿನ ಮೇಲೆ ಒರಗಿದ. ಮತ್ತೆ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅವಳು ಆ ಪತ್ರ ಹಿಡಿದು ವೈದ್ಯರ ಮುಂದೆ ಬಂದು ನಿಂತಳು. 'ನನಗೆ ಓದಲು ಬಾರದು. ಇದರಲ್ಲಿ ಏನಿದೆ, ಓದಿ ಹೇಳಿ.'

ವೈದ್ಯರು ಓದಿದರು. 'ಸುಳ್ಳು ಒಂದೂ ಇಲ್ಲ ತಾಯಿ' ಎಂದರು.

'ಇದು ಯಾರ ಮಾತು?' ಎಂದಳು ಅವಳು. 'ಆವತ್ತು ನೀವು ಹೀಗೆ ಮಾತಾಡಲಿಲ್ಲ. ನಿಮ್ಮ ದನಿ ಕೇಳಿಯೇ ನಾನು ಗಂಡನನ್ನು ಎಳೆದುಕೊಂಡು ಓಡಿದೆ. ಓದುಬರಹ ಇಲ್ಲದ ನನಗೆ ತಿಳಿದದ್ದನ್ನು ಅಷ್ಟು ಓದಿದವರಿಗೆ ತಿಳಿಯುವ ಹಾಗೆ ಬರೆಯಲು ನಿಮಗೇನು ಧಾಡಿಯಾಗಿತ್ತು?'

ವೈದ್ಯರು ಅತ್ತುಬಿಟ್ಟರು. ಅವಳು ಅಳಲಿಲ್ಲ. ಪತ್ರವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಹೋದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ತೋಂಟೇಶ ತಡೆದು ತಡೆದು ಕೇಳಿದ: "ಆಮೇಲೆ ಆ ವೈದ್ಯರು ಯಂತ್ರವನ್ನು ಬಿಟ್ಟುಬಿಟ್ಟರೇ?"

"ಇಲ್ಲಪ್ಪ, ಅದು ಬರೆದದ್ದು ತಮಗೆ ಬಹಳ ಹಿಡಿಸಿದ ದಿನ ಮಾತ್ರ ಅದಕ್ಕೆ ರುಜು ಹಾಕದೆ ತಮ್ಮ ಎರಡು ಸಾಲನ್ನೇ ಬರೆದು ಕಳಿಸುತ್ತಿದ್ದರು."