ಕೋಲು ನಿಂತ ಮೇಲೆ

“ಗುರುಗಳೇ, ಒಂಬತ್ತು ವರ್ಷದಲ್ಲಿ ನಿಮ್ಮ ಮಾತನ್ನು ನಾನು ಒಮ್ಮೆಯೂ ಮೀರಿಲ್ಲ. ನನಗೇಕೆ ಇನ್ನೂ ಗೆಜ್ಜೆ ಕಟ್ಟಿಲ್ಲ?” ಎಂದು ಚಂಪಕ ಕೇಳಿದಳು. ಶಿಷ್ಯೆ ಪಳಗಿದಳು ಎನಿಸಿದ ದಿನ ಗುರುವೇ ಅವಳ ಕಾಲಿಗೆ ಗೆಜ್ಜೆ ಕಟ್ಟುವುದು ಪದ್ಧತಿ. ಅವಳ ಜೊತೆಗೆ ಕಲಿತವರಿಗೆಲ್ಲ ಅದು ಆಗಿಹೋಗಿತ್ತು.

ಗುರುಗಳು ಹೇಳಿದರು: “ಮೀರಿಲ್ಲ, ನಿಜ. ಅದೇ ನನಗೆ ತಲೆನೋವು. ಕುಳಿತುಕೋ.

“ಒಬ್ಬ ನಾಟ್ಯಾಚಾರ್ಯನಿದ್ದ. ಇಬ್ಬರು ಶಿಷ್ಯೆಯರನ್ನು ಕರೆದುಕೊಂಡು ಊರೂರು ತಿರುಗುತ್ತಿದ್ದ. ತಂಗಿದ ಕಡೆಯೇ ಪಾಠ. ಅವನು ಹಾಡುತ್ತ ಮರದ ಮಣೆಯ ಮೇಲೆ ಕೋಲಿನಿಂದ ತಾಳ ತಟ್ಟುವನು. ಕೋಲು ಬಿದ್ದರೆ ಕಾಲು ಏಳಬೇಕು, ಕೋಲು ನಿಂತರೆ ಕಾಲು ನಿಲ್ಲಬೇಕು. ಅವನ ಶಾಸ್ತ್ರವೆಲ್ಲ ಇಷ್ಟೇ. ಆ ಕೋಲನ್ನು ಶಿಷ್ಯೆಯರು ಮುಟ್ಟುವಂತಿರಲಿಲ್ಲ. ಹಿರಿಯಳು ಹೇಳಿದಂತೆಯೇ ಕಲಿತಳು, ಬೇಗ ಗೆಜ್ಜೆ ಕಟ್ಟಿಸಿಕೊಂಡಳು. ಕಿರಿಯಳು ಕೋಲು ನಿಂತ ಮೇಲೂ ಎರಡು ಹೆಜ್ಜೆ ಹೆಚ್ಚಿಗೆ ಹಾಕುವಳು. ಅದಕ್ಕಾಗಿ ದಿನವೂ ಏಟು ತಿನ್ನುವಳು.

“ಶಿವರಾತ್ರಿ ಕಳೆದಿತ್ತು. ಇನ್ನೆಲ್ಲಿಯ ಚಳಿ ಎಂದು ಆಚಾರ್ಯ ಕಂಬಳಿಗಳನ್ನು ಹಿಂದಿನ ಊರಿನಲ್ಲೇ ಬಿಡಿಸಿದ. ಮುಂದಿನ ಊರಿಗೆ ಬೆಟ್ಟ ದಾಟಬೇಕಿತ್ತು. ಮಧ್ಯಾಹ್ನ ಅದರ ನೆತ್ತಿಯಲ್ಲಿ ಆಲಿಕಲ್ಲು ಸುರಿಯಿತು. ಹಿಂದೆಯೇ ಕೊರೆಯುವ ಗಾಳಿ ಬಂತು. ಉಟ್ಟದ್ದೆಲ್ಲ ಒದ್ದೆ, ಮೋಡ ಕವಿದು ದಾರಿ ಕಾಣದು. ಒಂದು ಬಂಡೆಯ ಮರೆ ಸಿಕ್ಕಿತು. ಬೆಂಕಿಗೆ ಒಣಕಡ್ಡಿ ಸಿಗಲಿಲ್ಲ.

“‘ಕುಣಿಯಿರಿ, ಮೈ ಬಿಸಿಯಾಗುತ್ತದೆ’ ಎಂದು ಆಚಾರ್ಯ ಕುಳಿತು ತಾಳ ತಟ್ಟಿದ. ಅವರು ಕುಣಿದರು, ಮೈ ಬಿಸಿಯಾಯಿತು. ಕುಳಿತವನ ಮೈ ಮಾತ್ರ ಚಳಿಗೆ ಮರಗಟ್ಟಿತು. ಮೊದಲು ಹಾಡು ನಿಂತಿತು. ಆಮೇಲೆ ಕೋಲು ಕೈಯಿಂದ ಜಾರಿತು.

“ಕೂಡಲೇ ಹಿರಿಯಳ ಕಾಲು ನಿಂತಿತು. ಮಂಡಿ ಬಾಗಿಸಿ, ಕೈ ಎದೆಗೆ ತಂದು, ಕೋಲನ್ನೇ ನೋಡುತ್ತ ನಿಂತಳು. ನಿಲ್ಲಬೇಡ ಎನ್ನಲು ಆಚಾರ್ಯನ ದವಡೆ ಬಿಡಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅಂಥ ಹೊತ್ತಿನಲ್ಲೂ ‘ಎಷ್ಟು ಅಚ್ಚುಕಟ್ಟಾಗಿ ನಿಂತಳು’ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

“ಕಿರಿಯಳು ನಿಲ್ಲಲಿಲ್ಲ. ‘ಅಕ್ಕಾ, ಕುಣಿಯೇ!’ ಎಂದು ಎಳೆದಳು. ಹಿರಿಯಳು ಕದಲಲಿಲ್ಲ. ಕೊನೆಗೆ ಕಿರಿಯಳು ಬಿದ್ದ ಕೋಲನ್ನು ತಾನೇ ಎತ್ತಿಕೊಂಡು ಮಣೆಗೆ ತಟ್ಟಿದಳು.

“‘ಗುರುಗಳ ಕೋಲು ಅದು. ಇಡೇ ಕೆಳಗೆ!’ ಎಂದು ಹಿರಿಯಳು ಗದರಿದಳು. ಅವಳು ಆಡಿದ ಕೊನೆಯ ಮಾತು ಅದು. ಸ್ವಲ್ಪ ಹೊತ್ತಿಗೆ ಮಂಡಿ ಸೋತು ಕುಸಿದಳು.

“ಕಿರಿಯಳು ಅಳುತ್ತಲೇ ಒಮ್ಮೆ ಅಕ್ಕನ ಕೈಕಾಲು ಉಜ್ಜಿದಳು, ಒಮ್ಮೆ ಆಚಾರ್ಯನದು ಉಜ್ಜಿದಳು. ನಡುನಡುವೆ ಎದ್ದು ಕುಣಿದಳು. ಹೊತ್ತು ಮುಳುಗುವ ಮುನ್ನ ಕುರಿಗಾಹಿಗಳು ಬಂದರು. ಕಂಬಳಿ ಹೊದಿಸಿ ಹಟ್ಟಿಗೆ ಹೊತ್ತೊಯ್ದು ಬೆಂಕಿಯ ಬಳಿ ಮಲಗಿಸಿದರು. ಆಚಾರ್ಯ ಕಣ್ಣು ಬಿಟ್ಟ. ಹಿರಿಯಳು ಬಿಡಲಿಲ್ಲ.”

ಚಂಪಕಳ ಕಣ್ಣು ತುಂಬಿತು. “ಗುರುಗಳೇ, ಅವಳದೇನು ತಪ್ಪು? ಕಲಿಸಿದಂತೆಯೇ ನಡೆದಳಲ್ಲ?” ಎಂದಳು.

ಗುರುಗಳು ಹೇಳಿದರು: “ಅವಳದೇನೂ ತಪ್ಪಿಲ್ಲ, ಅವಳಿಗೆ ಗೆಜ್ಜೆ ಕಟ್ಟಿದವನು ನಾನು.”