ತಲೆ ದಂಡವಾದೀತು, ಜೋಕೆ

"ಕೇಳಿರಯ್ಯಾ ಕೇಳಿ, ಕೋಟೆಗುಡ್ಡದ ದುಗ್ಗಭೂಪರ ಅಪ್ಪಣೆ! ರಾಜಕುಮಾರಿ ಹೊನ್ನಲದೇವಿಯವರು ಶಿಕ್ಷೆಯ ಬಗ್ಗೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಅರಮನೆಯ ಅಳಿಯ, ನ್ಯಾಯಪೀಠವೂ ಅವನದೇ. ತಪ್ಪಿದವನಿಗೆ ತಲೆದಂಡ!"

ಆ ರಾಜ್ಯದಲ್ಲಿ ತಲೆದಂಡ ಹೊಸದಲ್ಲ. ಕೊಲೆ ಮಾಡಿದರೂ ಅದೇ, ಸೌತೆಕಾಯಿ ಕದ್ದರೂ ಅದೇ. ರಾಜರಿಗೆ ಬೇರೆ ಶಿಕ್ಷೆ ಗೊತ್ತಿರಲಿಲ್ಲ, ಹೇಳುವ ಗಂಡೆದೆ ಯಾರಿಗೂ ಇರಲಿಲ್ಲ.

ಮೊದಲು ಬಂದವನು ಪಾಳೆಯಗಾರನ ಮಗ. ರಾಜಕುಮಾರಿ ಕೇಳಿದಳು: "ಒಂದೂರಲ್ಲಿ ಕಳ್ಳನನ್ನು ಯಾರೂ ಹೊಡೆಯಲಿಲ್ಲ, ಕಟ್ಟಲಿಲ್ಲ. ಆದರೂ ಎಂಟನೇ ದಿನ ಅವನೇ ಅಳುತ್ತಾ ಬಂದು ಕದ್ದದ್ದನ್ನು ತಂದಿಟ್ಟ. ಅವನಿಗಾದ ಶಿಕ್ಷೆ ಏನು?"

"ಮಾಟ ಮಾಡಿಸಿದ್ದಾರೆ," ಎಂದ. ಕೈಗೆ ಕೋಳ ಬಿತ್ತು.

ಆಮೇಲೆ ಬಂದ ಮಂತ್ರಿಮಗ ಶಾಸ್ತ್ರ ಓದಿದವನು, ಜಾಣ. ಎರಡನೆಯದನ್ನೇ ಮೊದಲು ಕೇಳಿ ಎಂದ. ರಾಜಕುಮಾರಿ ಕೇಳಿದಳು: "ಒಬ್ಬ ಕೊಲೆ ಮಾಡಿದ. ಸತ್ತವನ ತಾಯಿ ಅವನಿಗೆ ದಿನಾ ಊಟ ಬಡಿಸುತ್ತಾಳೆ. ಅದೇ ಶಿಕ್ಷೆ. ಹೇಗೆ?"

"ಊಟದಲ್ಲಿ ವಿಷ," ಎಂದ. ಅವನಿಗೂ ಕೋಳ.

ಎರಡು ತಲೆ ತೆಗೆಯಬೇಕು, ಆದರೆ ಕತ್ತಿ ಮೊಂಡಾಗಿತ್ತು. ಊರೂರು ಅಲೆದು ಸಾಣೆ ಹಿಡಿಯುವ ಮೈಲಾರಿ ಎಂಬ ಯುವಕನನ್ನು ಕರೆಸಿದರು. ಕಾವಲಿನವರ ಬಾಯಲ್ಲಿ ಒಗಟು ಕೇಳಿ ಅವನು ಸಾಣೆ ನಿಲ್ಲಿಸಿ ಒಳಗೆ ನಡೆದ.

"ಇವೆರಡೂ ನಾ ಕಣ್ಣಾರೆ ಕಂಡೀನ್ರಿ."

ಸಭೆ ನಕ್ಕಿತು. ರಾಜರು ನಗಲಿಲ್ಲ. "ತಪ್ಪಿದರೆ ನೀನು ಮಸೆದ ಕತ್ತಿಯೇ ನಿನಗೆ."

"ಆತ್ರಿ. ಚಲೋ ಹರಿತ ಐತಿ." ಮೈಲಾರಿ ಒಗಟು ಬಿಡಿಸತೊಡಗಿದ. "ಆ ಕಳ್ಳಗ ಊರಾಗ ಯಾರೂ ಒಲಿಗೆ ಕೆಂಡ ಕೊಡಲಿಲ್ರಿ, ಮಾತೂ ಕೊಡಲಿಲ್ಲ. ಏಳು ದಿನ ಗ್ವಾಡಿ ಜೋಡಿ ಮಾತಾಡ್ದ, ಎಂಟಕ್ಕ ಸೋತ. ಇನ್ನೊಂದು ಗುಡ್ಡದಾಚೆ ಸೀಮ್ಯಾಗ ನಡೀತ್ರಿ. ಕೊಂದಾವ ಸತ್ತವನ ಮನಿ ಮಗ ಆಗಬೇಕು. ಅವನ ಹೊಲ ಉಳಬೇಕು, ಅವನ ತಾಯಿ ಬಡಿಸಿದ್ದು ಉಣಬೇಕು. ಆ ತುತ್ತು ಗಂಟಲಾಗ ಇಳಿಯೂದು ಸಸಾರ ಅಲ್ರಿ."

ದೇಶ ಸುತ್ತು, ಕೋಶ ಓದು ಎಂದು ಸುಮ್ಮನೆ ಹೇಳಿದರೇ! ಸಭೆಯ ನಗು ಅಡಗಿತು.

ರಾಜಕುಮಾರಿಯ ದನಿ ಸಣ್ಣಗಾಯಿತು. "ಕೊಟ್ಟವನಿಗೂ ದಕ್ಕದ, ಪಡೆದವನಿಗೂ ದಕ್ಕದ, ನೊಂದವನಿಗೂ ದಕ್ಕದ ಶಿಕ್ಷೆ ಯಾವುದು? ಉತ್ತರ ಅದರ ಹೆಸರಲ್ಲೇ ಇದೆ."

ಮೈಲಾರಿ ಕತ್ತಿ ನೋಡಿದ, ರಾಜರನ್ನು ನೋಡಿದ. ಉತ್ತರ ಹೊಳೆದಿತ್ತು. ಹೇಳಿದರೂ ತಲೆ ಹೋಗಬಹುದಿತ್ತು, ಆದರೂ ಹೇಳಿದ.

"ತಲೆದಂಡ್ರಿ, ಬುದ್ದಿ. ಕಡಿದ ಮ್ಯಾಲ ಕದ್ದವ ತಿದ್ದಿಕೊಳ್ಳಾಂಗಿಲ್ಲ, ಕಳಕೊಂಡವಗ ಮಾಲು ಬರಂಗಿಲ್ಲ, ನಿಮಗ ಒಬ್ಬ ಆಳು ಕಡಿಮಿ. ತಲಿ ಬರೇ ದಂಡ."

ದಂಡನೆಯೂ ದಂಡ, ವ್ಯರ್ಥವೂ ದಂಡ. ರಾಜರು ಮಗಳ ಕಡೆ ತಿರುಗಿದರು. "ಇದನ್ನು ನೀನೇ ಹೇಳಬಹುದಿತ್ತಲ್ಲ, ಮಗಳೇ?"

"ಮೂರು ಸಲ ಹೇಳಿದೆ, ಅಪ್ಪಾಜಿ. ಹೆಂಗರುಳು ಎಂದಿರಿ."

ರಾಜರು ಸೋತು ನಕ್ಕರು. ಅಂದೇ ಮೈಲಾರಿ ನ್ಯಾಯಪೀಠ ಏರಿದ, ರಾಜಕುಮಾರಿಯ ಕೈ ಹಿಡಿದ. ಅವನ ಮೊದಲ ತೀರ್ಪು ಆ ಇಬ್ಬರ ಮೇಲೆ: ಕೋಳ ಬಿಚ್ಚಿ, ತಿಂಗಳು ಪೂರ್ತಿ ಸಾಣೆ ತಿರುಗಿಸಿ ಊರಿನ ಕುಡುಗೋಲುಗಳನ್ನೆಲ್ಲ ಮಸೆದು ಕೊಡಬೇಕು. ಮಂತ್ರಿಮಗ ಸಂತೋಷಕ್ಕೆ ಅತ್ತೇಬಿಟ್ಟ.

ಆ ಕತ್ತಿ ಈಗ ಅರಮನೆಯ ಅಡುಗೆಮನೆಯಲ್ಲಿ ಹಲಸು ಸೀಳುತ್ತದಂತೆ. ಹಣ್ಣು ತಿಂದವರು ಅವರು, ಕತೆ ಉಂಡವರು ನಾವು.